ತುಂಡಿಲ್ಲದ ಬಾಡು

ಊಟಕ್ಕೆ ಕೂತಾಗ ಪಕ್ಕದವರ ಎಲೆ ನೋಡುವ ಚಟ ನನಗಿದೆ. ಹೇಳಿಕೊಳ್ಳುವಂಥ ಚಟವಲ್ಲ. ಆದರೂ ಹೇಳಿಬಿಡುತ್ತೇನೆ, ನಿಮಗೂ ಇರಬಹುದೆಂಬ ಸಣ್ಣ ಆಸೆಯಿಂದ. ಪಾಯಸದ ಊಟದಲ್ಲಿ ಈ ಚಟ ಅಷ್ಟಾಗಿ ತಲೆ ಎತ್ತುವುದಿಲ್ಲ. ಪಕ್ಕದವನಿಗೆ ಪಲ್ಯ ಇನ್ನೊಂದು ಸೌಟು ಹೆಚ್ಚಿಗೆ ಬಿದ್ದರೆ ಬೀಳಲಿ, ತಿಂದುಕೊಳ್ಳಲಿ ಪುಣ್ಯಾತ್ಮ. ಬಾಡೂಟದಲ್ಲಿ ಮಾತ್ರ ಕತ್ತು ತಾನಾಗಿಯೇ ತಿರುಗುತ್ತದೆ. ಅವನಿಗೆ ಬಿದ್ದ ತುಂಡುಗಳೆಷ್ಟು, ಅದರಲ್ಲಿ ಮೂಳೆಯೆಷ್ಟು, ಮೆತ್ತಗಿನದು ಎಷ್ಟು ಎಂದು ಅಂದಾಜು ಮಾಡಿ ಆಮೇಲೆ ನನ್ನ ಎಲೆಗೆ ಬರುತ್ತೇನೆ. ಹುಣಸೂರಿನ ಕಾಲೇಜಿನಲ್ಲಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುವವನು ನಾನು. ಸಂಪತ್ತಿನ ಹಂಚಿಕೆ ಎಂಬ ಪಾಠ ಬಂದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ದೇಶವಲ್ಲ, ಬೀಗರ ಊಟದ ಪಂಕ್ತಿ.

ಇದು ನಮ್ಮ ಸೀಮೆಯ ಗುಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ನಮ್ಮ ಕಡೆ ಗುಡ್ಡೆ ಬಾಡು ಎಂಬ ಪದ್ಧತಿಯಿದೆ. ನಾಲ್ಕಾರು ಮನೆಯವರು ಸೇರಿ ಒಂದು ಪ್ರಾಣಿ ತಂದು, ಕೊಯ್ದು, ಎಲೆಗಳ ಮೇಲೆ ಮನೆಗೊಂದು ಗುಡ್ಡೆ ಹಾಕುತ್ತಾರೆ. ಈಲಿಯ, ಅಂದರೆ ಲಿವರಿನ, ಚೂರೊಂದು ಈ ಗುಡ್ಡೆಗೆ, ತೊಡೆಯ ತುಂಡೊಂದು ಆ ಗುಡ್ಡೆಗೆ. ಯಾರೋ ಒಬ್ಬರು ಕಣ್ಣು ಕಿರಿದು ಮಾಡಿ ನೋಡಿ ಬೆರಳಗಲದ ತುಂಡನ್ನು ಇಲ್ಲಿಂದ ಎತ್ತಿ ಅಲ್ಲಿಟ್ಟು, ಮತ್ತೆ ಅಲ್ಲಿಂದ ಎತ್ತಿ ಇಲ್ಲಿಡುತ್ತಾರೆ. ತಕ್ಕಡಿ ಇದ್ದರೂ ಅದನ್ನು ಮುಟ್ಟುವುದಿಲ್ಲ. ತಕ್ಕಡಿಗೆ ತೂಕ ಗೊತ್ತು, ಮೂಳೆ ಯಾವುದು ಮಾಂಸ ಯಾವುದು ಎಂಬುದು ಗೊತ್ತಿಲ್ಲ.

ಈ ವಿದ್ಯೆಯಲ್ಲಿ ನಮ್ಮೂರಿನ ಹಿರಿಯ ವಿದ್ವಾಂಸರೆಂದರೆ ನನ್ನ ಚಿಕ್ಕಪ್ಪ ಕೆಂಪಣ್ಣ. ಅವರು ಹಾಕಿದ ಗುಡ್ಡೆಗೆ ಎದುರು ಮಾತಿರಲಿಲ್ಲ. ಅಂಥವರಿಗೇ ಅನ್ಯಾಯವಾಯಿತು, ಅದೂ ನನ್ನ ಮದುವೆಯಲ್ಲಿ.

ಬೀಗರ ಊಟ ನಮ್ಮ ಮನೆಯಲ್ಲಿ. ಹೆಂಡತಿಯ ಊರಾದ ಮಿರ್ಲೆಯಿಂದ ವ್ಯಾನು ತುಂಬ ಜನ ಬಂದಿದ್ದರು. ಬಡಿಸುವವನು ಅವಸರದಲ್ಲಿದ್ದ. ಚಿಕ್ಕಪ್ಪನ ಎಲೆಗೆ ಬಿದ್ದದ್ದು ಎರಡು ಮೂಳೆ, ಅದೂ ಒಳಗೆ ರಸವಿಲ್ಲದ ಒಣ ಮೂಳೆ. ಅವರ ಪಕ್ಕದಲ್ಲೇ ಕೂತಿದ್ದ ವ್ಯಾನಿನ ಡ್ರೈವರನ ಎಲೆಯಲ್ಲಿ ಮೆತ್ತಗಿನ ಬಾಡು ರಾಶಿ ಬಿದ್ದಿತ್ತು. ಇನ್ನೊಂದು ಸಲ ಕೇಳಿದ್ದರೆ ಹಾಕುತ್ತಿದ್ದರು, ನಿಜ. ಆದರೆ ಬಾಡನ್ನು ಕೇಳಿ ಹಾಕಿಸಿಕೊಳ್ಳುವುದು ಮಾನವಂತರ ಕೆಲಸವಲ್ಲ. ಅದು ತಾನಾಗಿ ಬರಬೇಕು. ಚಿಕ್ಕಪ್ಪ ಎರಡೂ ಮೂಳೆಯನ್ನು ಎಲೆಯ ಅಂಚಿಗೆ ಸರಿಸಿದರು. ಆಮೇಲೆ ಎದ್ದು ಕೈ ತೊಳೆದು ನನ್ನ ಅವ್ವನ ಮುಂದೆ ನಿಂತು, "ಅತ್ತಿಗೆ, ಇನ್ ಮ್ಯಾಕೆ ನಾನು ಈ ಮನೆಯೋರು ಆಕಿದ್ ಎಲೆ ಮುಂದೆ ಕೂರಾಕಿಲ್ಲ," ಎಂದು ಮೆಲ್ಲಗೆ ಹೇಳಿ ಹೋದರು. ಕೂಗಾಡಿದ್ದರೆ ಒಳ್ಳೆಯದಿತ್ತು. ಕೂಗಾಡಿದವರು ಮರುದಿನ ಬರುತ್ತಾರೆ.

ಜಗಳವೇನೂ ಆಗಲಿಲ್ಲ. ಬರುತ್ತಿದ್ದರು, ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು, ಮಳೆ ಬೆಳೆ ಮಾತಾಡುತ್ತಿದ್ದರು. ಒಳಗೆ ಎಲೆ ಹಾಕುವ ಸದ್ದು ಕೇಳಿದ ಕೂಡಲೆ ಟವೆಲ್ ಕೊಡವಿ ಎದ್ದುಬಿಡುತ್ತಿದ್ದರು. ನನಗಿದು ಮೊದಮೊದಲು ತಮಾಷೆಯಾಗಿ ಕಂಡಿತ್ತು. ಅವ್ವನಿಗೆ ಹಾಗಿರಲಿಲ್ಲ. ಅವ್ವ ಮದುವೆಯಾಗಿ ಈ ಮನೆಗೆ ಬಂದಾಗ ಚಿಕ್ಕಪ್ಪ ಇನ್ನೂ ಚಡ್ಡಿಯಿಲ್ಲದೆ ಓಡಾಡುತ್ತಿದ್ದ ಹುಡುಗ. ಮುದ್ದೆ ಮುರಿದು ತುತ್ತಿಟ್ಟು ಸಾಕಿದವಳು ಅವಳು. ಅಪ್ಪ ತೀರಿಹೋದ ಮೇಲೆ ಪ್ರತಿ ಹಬ್ಬಕ್ಕೂ ಚಿಕ್ಕಪ್ಪನಿಗೆಂದು ಒಂದು ಎಲೆ ಹೆಚ್ಚಿಗೆ ಹಾಕಿಸುತ್ತಿದ್ದಳು. ಎಲ್ಲರದೂ ಆದ ಮೇಲೆ ಆ ಖಾಲಿ ಎಲೆಯನ್ನು ತಾನೇ ಎತ್ತುತ್ತಿದ್ದಳು. ಅದನ್ನು ನೋಡಿದಾಗ ನನಗೆ ಸಂಕಟವಾಗುತ್ತಿತ್ತು.

ಇಷ್ಟಾದರೂ ಎರಡೂ ಮನೆಯವರು ದಿನಾ ಸೇರುವ ಒಂದು ಜಾಗ ಉಳಿದಿತ್ತು, ಬ್ಯಾರನ್. ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವಿನ ಊರು ನಮ್ಮದು, ಹೊಗೆಸೊಪ್ಪಿನ ಸೀಮೆ. ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಎತ್ತರದ ಗೋಡೆಗಳ ಒಳಗೆ ತೂಗುಹಾಕಿ, ಹೊರಗಡೆಯ ಒಲೆಗೆ ದಿಮ್ಮಿ ತುರುಕಿ ದಿನಗಟ್ಟಲೆ ಬೇಯಿಸುವ ಕಟ್ಟಡ ಅದು. ಅಪ್ಪ ಚಿಕ್ಕಪ್ಪ ಪಾಲಾದಾಗ ಹೊಲ, ದನ, ಹಲಸಿನ ಮರ ಎಲ್ಲವನ್ನೂ ಹಂಚಿಕೊಂಡರು. ಬ್ಯಾರನ್ ಹಂಚಲು ಬರಲಿಲ್ಲ. ಗೋಡೆ ಎಳೆದರೆ ಸೊಪ್ಪು ಬೇಯುವುದಿಲ್ಲ. ಹಾಗಾಗಿ ಒಂದು ಸಲ ನಮ್ಮ ಸೊಪ್ಪು, ಇನ್ನೊಂದು ಸಲ ಅವರ ಸೊಪ್ಪು. ಬೆಂಕಿ ಯಾರ ಸೊಪ್ಪಿಗೆ ಉರಿದರೂ ನೋಡಿಕೊಳ್ಳಲು ಚಿಕ್ಕಪ್ಪ ಹಾಜರ್.

ಬ್ಯಾರನ್ನಿಗೆ ಇನ್ನೊಂದು ಮಹತ್ವವಿತ್ತು. ನಮ್ಮ ಮನೆಯಲ್ಲಿ ಕೋಳಿ, ಕುರಿ ನಡೆಯುತ್ತದೆ, ಹಂದಿ ಹೊಸಿಲು ದಾಟುವ ಹಾಗಿಲ್ಲ. ಅವ್ವನ ಕಾನೂನು. ಅದನ್ನು ಬೇಯಿಸುವ ಡಬರಿ ಬೇರೆ, ಸೌಟು ಬೇರೆ. ಎರಡೂ ಬ್ಯಾರನ್ನಿನ ಗೋಡೆಗೆ ಬೋರಲು ಬಿದ್ದಿರುತ್ತವೆ. ಮನೆಯ ತಟ್ಟೆ ಲೋಟ ಅಲ್ಲಿಗೆ ಹೋಗುವ ಹಾಗಿಲ್ಲ. ತಿಂದವರು ಸ್ನಾನ ಮಾಡಿಯೇ ಒಳಗೆ ಬರಬೇಕು. ಕೊಡಗಿನ ಗಡಿಗೆ ಇಷ್ಟು ಹತ್ತಿರವಿದ್ದುಕೊಂಡು ಹಂದಿ ಬಿಡುವುದಾದರೂ ಹೇಗೆ? ಹೀಗಾಗಿ ಬ್ಯಾರನ್ ನಮ್ಮ ಎರಡನೆಯ ಅಡುಗೆಮನೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲದ ಒಂದು ಭಾನುವಾರ ಇಂಡಿಯಾ ಪಾಕಿಸ್ತಾನ ಮ್ಯಾಚು ಬಂತು. ಬ್ಯಾರನ್ನಿನಲ್ಲಿ ನಮ್ಮ ಸೊಪ್ಪು ಎಲೆಯ ನಡುದಂಟು ಒಣಗುವ ಕೊನೆಯ ಹಂತದಲ್ಲಿತ್ತು, ಬೆಂಕಿ ಬಿಟ್ಟು ಅಲ್ಲಾಡುವ ಹಾಗಿರಲಿಲ್ಲ. ಬೆಂಕಿ ಮನೆಗೆ ಬರದಿದ್ದರೆ ಟೀವಿಯೇ ಬೆಂಕಿಯ ಬಳಿಗೆ ಹೋಗಲಿ ಎಂದು ನನ್ನ ಪುಟ್ಟ ಕಪ್ಪು ಬಿಳುಪು ಟೀವಿಯನ್ನು ಹೊತ್ತು ತಂದೆವು. ಆಂಟೆನಾ ಬ್ಯಾರನ್ ಮಾಡಿನ ಮೇಲೆ ಏರಿತು. ಕರೆಂಟು ನಂಬುವ ಹಾಗಿಲ್ಲವೆಂದು ಟ್ರ್ಯಾಕ್ಟರಿನ ಬ್ಯಾಟರಿ ಇಳಿಯಿತು. ಮ್ಯಾಚೆಂದ ಮೇಲೆ ಜನ, ಜನವೆಂದ ಮೇಲೆ ಬಾಡು. ಆಟೋ ಓಡಿಸುವ ಗೆಳೆಯ ಸ್ವಾಮಿ, ಟೀ ಜೊತೆಗಿರಲಿ ಎಂದು ಹುಣಸೂರಿನ ಬೇಕರಿಯಿಂದ ಒಂದು ಚೀಲ ಬನ್ನು ತಂದ.

ಬೆಳಿಗ್ಗೆ ಹೊರಡುವಾಗ ಅವ್ವ ನನ್ನನ್ನು ಹಿತ್ತಲಿಗೆ ಕರೆದಳು.

"ಅದು ಮನೆಯಿಂದ ಆಚೆ ತಾನೆ? ಎಂಗಾರ ಮಾಡಿ ಅವನ್ಗೆ ಉಣ್ಣಾಕ್ ಇಕ್ಕು ಕಣ್ಲಾ. ನಾನ್ ಕಣ್ ಮುಚ್ಚೋದ್ರೊಳ್ಗೆ ನನ್ ಮೈದ ನಮ್ ಅನ್ನ ತಿನ್ನದು ನೋಡ್ಬೇಕು."

ಹಂದಿಯ ಹೆಸರೆತ್ತಿದರೆ ಮೂಗು ಮುಚ್ಚುವ ಅವ್ವನ ಬಾಯಲ್ಲಿ ಈ ಮಾತು. ಆಯಿತು ಅಂದೆ. ಆದರೆ ಹೇಗೆ? ಮನೆಯ ತಟ್ಟೆ ತರುವ ಹಾಗಿಲ್ಲ, ಅವ್ವನ ಕಾನೂನು. ಎಲೆ ಹಾಕಿದರೆ ಚಿಕ್ಕಪ್ಪ ಏಳುತ್ತಾರೆ, ಅವರ ಆಣೆ. ಎಲೆಯನ್ನೂ ಆಣೆಯನ್ನೂ ಮರೆಸುವಂಥ ಒಂದು ತುಂಡು ಅವರ ಮುಂದೆ ಇಟ್ಟುಬಿಡಬೇಕು ಎಂದು ತೀರ್ಮಾನಿಸಿದೆ. ಬೇರೆ ಉಪಾಯ ಹೊಳೆಯಲಿಲ್ಲ.

ಬಾಡು ಬಂತು. ಒಂದೇ ಡಬರಿಗೆ ಸುರಿಯುವ ಬಾಡನ್ನೂ ಚಿಕ್ಕಪ್ಪ ಮೊದಲು ಗುಡ್ಡೆ ಹಾಕಿ, ಸಮ ಮಾಡಿ, ತೃಪ್ತಿಯಾದ ಮೇಲೆಯೇ ಡಬರಿಗೆ ಸುರಿಯಲು ಬಿಟ್ಟರು. ಯಾಕೆಂದು ಯಾರೂ ಕೇಳಲಿಲ್ಲ. ಅದರಲ್ಲಿ ತೊಗಲು, ಕೊಬ್ಬು, ಮಾಂಸ ಮೂರೂ ಪದರ ಪದರವಾಗಿದ್ದ ಅಂಗೈಯಗಲದ ಒಂದು ತುಂಡನ್ನು ನಾನು ಗುಟ್ಟಾಗಿ ಆರಿಸಿ, ಆಮೇಲೆ ಗುರುತು ಸಿಗಲೆಂದು ಬಾಳೆನಾರಿನಿಂದ ಕಟ್ಟಿದೆ. ಮೆಣಸು, ಕೊತ್ತಂಬರಿ ಹುರಿದು ಪುಡಿ ಮಾಡಿದ್ದು, ಈರುಳ್ಳಿ, ಬೆಳ್ಳುಳ್ಳಿ, ಕೊಡಗಿನ ಕಡೆಯಿಂದ ಬಂದ ಕಪ್ಪು ಹುಳಿ ಕಾಚಂಪುಳಿ ಎಲ್ಲ ಬಿತ್ತು. ಮುಚ್ಚಳದ ಸುತ್ತ ರಾಗಿಹಿಟ್ಟು ಮೆತ್ತಿ ಡಬರಿಯನ್ನು ಬ್ಯಾರನ್ ಒಲೆಯ ಬಾಯಿಯ ಪಕ್ಕದ ಬೂದಿಗುಂಡಿಯಲ್ಲಿ ಹೂತು, ಮೇಲೊಂದಿಷ್ಟು ಕೆಂಡ ಎಳೆದೆ. ಮ್ಯಾಚು ಶುರುವಾಗುವ ಹೊತ್ತಿಗೆ ತೆಗೆದರಾಯಿತು ಎಂಬ ಲೆಕ್ಕ.

ಈಚೆಗೆ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದೆ: ಅಮೆರಿಕದವರು ಆಟದ ದಿನ ಕರೆಂಟಿನ ಪಾತ್ರೆಯೊಂದರಲ್ಲಿ ಹಂದಿ ಮಾಂಸವನ್ನು ಬೆಳಗಿನಿಂದ ಸಂಜೆಯವರೆಗೆ ಸಣ್ಣ ಶಾಖದಲ್ಲಿ ಬೇಯಿಸುತ್ತಾರಂತೆ, ಎಳೆ ಎಳೆಯಾಗಿ ಬಿಡಿಸಿ ಬನ್ನಿಗೆ ತುಂಬಿ ಹಂಚುತ್ತಾರಂತೆ. ಸಿಳ್ಳೆ ಹೊಡೆಯುವ ಕುಕ್ಕರನ್ನು ನಾವು ಇನ್ನೂ ಮೆರೆಸುತ್ತಿರುವಾಗ ಅವರು ಸಾವಕಾಶದ ಪಾತ್ರೆಗೆ ಹೋಗಿದ್ದಾರೆ. ಬೇಕೆಂದೇ ಹಾಗೆ ಮಾಡುತ್ತಾರೆ ಎಂಬುದು ನನಗೆ ಬಹಳ ಸಮಾಧಾನ ಕೊಟ್ಟಿತು. ನಾವು ಬೇಕೆಂದು ಮಾಡಿರಲಿಲ್ಲ.

ಆದದ್ದು ಹೀಗೆ. ಮ್ಯಾಚಿನ ಮೊದಲ ಭಾಗದಲ್ಲಿ ಬೌಲಿಂಗ್ ನಮ್ಮದು, ಡಬರಿ ತೆಗೆಯಲು ಯಾರಿಗೂ ಮನಸ್ಸಾಗಲಿಲ್ಲ. ಮುಚ್ಚಳ ತೆಗೆಯಬೇಡಿ ಎಂದು ನಾನು ಎಲ್ಲರಿಗೂ ಹೇಳಿದ್ದೆ, ಕೆಂಡ ಹಾಕಬೇಡಿ ಎಂದು ಹೇಳಿರಲಿಲ್ಲ. ಒಲೆಗೆ ದಿಮ್ಮಿ ತುರುಕಲು ಹೋದ ಪ್ರತಿಯೊಬ್ಬನೂ ಪಾಪ, ಆರಿಹೋಗಿರಬಹುದು ಎಂದು ಬೂದಿಗುಂಡಿಗೂ ನಾಲ್ಕು ಕೆಂಡ ಎಳೆದು ಬರುತ್ತಿದ್ದ. ಆಮೇಲೆ ನಮ್ಮ ಬ್ಯಾಟಿಂಗ್ ಬಂತು, ಬಂದ ಹಾಗೆಯೇ ಎರಡು ವಿಕೆಟ್ ಹೋದವು. ಅಷ್ಟರಲ್ಲಿ ಚಿಕ್ಕಪ್ಪ ಸೊಪ್ಪಿನ ಬಣ್ಣ ನೋಡಿ ಹೊರಗೆ ಬಂದು ಒಂದು ದಿಮ್ಮಿಯ ಮೇಲೆ ಕೂತರು. ಅವರು ಕೂತ ಮೇಲೆ ವಿಕೆಟ್ ಬೀಳುವುದು ನಿಂತಿತು.

ಮುಂದಿನದು ನಿಮಗೆ ಗೊತ್ತು. ಅವರನ್ನು ಏಳಲು ಬಿಡಲಿಲ್ಲ. ಊಟದ ಹೊತ್ತಾಗುತ್ತಿದೆ ಎಂಬುದನ್ನು ಗಾಳಿಯಲ್ಲೇ ಹಿಡಿದ ಚಿಕ್ಕಪ್ಪ ಟವೆಲ್ಲಿಗೆ ಕೈ ಹಾಕಿದರು.

"ಒಟ್ಟೆ ಅಸೀತಾ ಅದೆ. ಮನೀಗ್ ಓಗ್ಬುಟ್ಟು ಬತ್ತೀನಿ."

"ಅಲ್ಲಾಡ್‌ಬ್ಯಾಡ ಕಣಣ್ಣ," ಸ್ವಾಮಿ ಅವರ ಹೆಗಲು ಒತ್ತಿ ಹಿಡಿದ. "ನೀನ್ ಎದ್ರೆ ಅವ್ನು ಔಟಾಯ್ತಾನೆ. ಇಂಡಿಯಾ ಸೋತ್ರೆ ನಿನ್ ಮ್ಯಾಲೇ ಬತ್ತದೆ."

ದೇಶದ ಮಾತು ಬಂದ ಮೇಲೆ ಚಿಕ್ಕಪ್ಪ ಏನು ಮಾಡಿಯಾರು? ಕೂತರು. ನನಗೆ ಒಳಗೊಳಗೇ ಕುಣಿಯುವಂತಾಯಿತು. ಓಡಿಹೋಗಿ ಡಬರಿ ಎಳೆದು ಹಿಟ್ಟು ಒಡೆದು ಮುಚ್ಚಳ ತೆಗೆದೆ. ಸುವಾಸನೆ ಹೇಗಿತ್ತೆಂದರೆ ಟೀವಿಯ ಮುಂದಿದ್ದವರ ತಲೆಗಳೆಲ್ಲ ಈ ಕಡೆ ತಿರುಗಿದವು. ಸೌಟು ಇಳಿಸಿದೆ. ಏನೂ ತಗಲಲಿಲ್ಲ. ತಳದವರೆಗೆ ಹೋಗಿ ಎತ್ತಿದೆ. ಸೌಟಿನ ತುದಿಗೆ ಬಾಳೆನಾರು ಉಂಗುರದ ಹಾಗೆ ನೇತಾಡುತ್ತ ಬಂತು, ಗಂಟು ಹಾಕಿದ್ದು ಹಾಕಿದ ಹಾಗೇ ಇತ್ತು. ಒಳಗಿದ್ದ ತುಂಡು ಇರಲಿಲ್ಲ. ಇಡೀ ಡಬರಿಯಲ್ಲಿ ತುಂಡೆಂಬುದೇ ಇರಲಿಲ್ಲ. ಎಲ್ಲ ಎಳೆಯೆಳೆಯಾಗಿ ಕಪ್ಪು ಮಸಾಲೆಯಲ್ಲಿ ಕಲಸಿಹೋಗಿತ್ತು. ಬರಿಯ ಮೂಳೆಗಳು ನುಣ್ಣಗೆ ತೊಳೆದಂತೆ ತಳ ಸೇರಿದ್ದವು.

"ನಾರು ಚೆಂದಾಗ್ ಬೆಂದದೆ ಸಾ," ಸ್ವಾಮಿ ಬಗ್ಗಿ ನೋಡಿ ಹೇಳಿದ. "ಬಾಡೆಲ್ಲಿ?"

ನನಗೆ ಅಳು ಬರುವುದೊಂದು ಬಾಕಿ. ಮೂಳೆ ಬಿತ್ತೆಂದು ಮುನಿದ ಮನುಷ್ಯನ ಮುಂದೆ ಈಗ ಮೂಳೆ ಬಿಟ್ಟು ಇಡಲು ಇನ್ನೇನಿದೆ? ಆಗಲೇ ನನ್ನ ಹೆಂಡತಿ ಸುಜಾತ ಎಲೆಗಳ ಕಟ್ಟು ಹಿಡಿದು ಬಂದಳು. ಡಬರಿ ನೋಡಿದಳು, ನನ್ನ ಮುಖ ನೋಡಿದಳು, ದಿಮ್ಮಿಯ ಮೇಲಿದ್ದ ಚಿಕ್ಕಪ್ಪನನ್ನು ನೋಡಿದಳು, ಬನ್ನಿನ ಚೀಲ ನೋಡಿದಳು. ಎಲೆಗಳ ಕಟ್ಟನ್ನು ಬದಿಗಿಟ್ಟಳು.

"ಎಲೆ ಯಾಕ್ರೀ? ಬನ್ ಬಗೆದು ಒಳಕ್ ತುಂಬಿ. ಕೈಗೇ ಕೊಡಾನ."

ಬನ್ನು ಬಗೆದೆವು. ತುಂಬಿದೆವು. ಮೇಲಷ್ಟು ಈರುಳ್ಳಿ ಉದುರಿಸಿ ನಿಂಬೆಹಣ್ಣು ಹಿಂಡಿದೆವು. ಮೊದಲನೆಯದನ್ನು ಸುಜಾತ ಚಿಕ್ಕಪ್ಪನಿಗೆ ಕೊಟ್ಟಳು. ದೂರದಲ್ಲಿ, ಹಂದಿಯ ಗಾಳಿ ಸೋಕದಷ್ಟು ದೂರದ ಹೊಂಗೆ ಮರದ ಕೆಳಗೆ, ಅವ್ವ ನಿಂತಿದ್ದಳು.

ಚಿಕ್ಕಪ್ಪ ಬನ್ನನ್ನು ತಿರುಗಿಸಿ ನೋಡಿದರು. ಮೇಲಿನ ಭಾಗ ಎತ್ತಿ ಒಳಗೆ ನೋಡಿದರು. ಆಮೇಲೆ ಬಲಗಡೆಯವನ ಬನ್ನು ನೋಡಿದರು, ಎಡಗಡೆ ಸ್ವಾಮಿಯ ಬನ್ನು ನೋಡಿದರು. ಕಣ್ಣು ಕಿರಿದಾಯಿತು. ಗುಡ್ಡೆ ಹಾಕುವಾಗಿನ ಅದೇ ಕಣ್ಣು. ಎಷ್ಟು ಹುಡುಕಿದರೂ ಎಲ್ಲರ ಬನ್ನಿನಲ್ಲೂ ಒಂದೇ, ಎಣಿಸಲು ಏನೂ ಇಲ್ಲ. ಟೀವಿಯಲ್ಲಿ ಯಾರೋ ಬೌಂಡರಿ ಹೊಡೆದರು, ನಾನು ನೋಡಲಿಲ್ಲ.

ಚಿಕ್ಕಪ್ಪ ಕಚ್ಚಿದರು. ಅಗಿದರು. ಇನ್ನೊಂದು ಸಲ ಕಚ್ಚಿದರು.

"ಇದ್ರಲ್ಲಿ ಮೂಳೇನೇ ಇಲ್ವಲ್ಲಲಾ," ಅಂದರು.

"ಇಲ್ಲ ಚಿಕ್ಕಪ್ಪ."

"ಉಂ." ಪೂರ್ತಿ ತಿಂದರು. ಬೆರಳು ನೆಕ್ಕಿದರು. ಕೂತಲ್ಲಿಂದಲೇ ಕತ್ತು ತಿರುಗಿಸಿ ಹೊಂಗೆ ಮರದ ಕಡೆ ಕೂಗಿದರು, "ಅತ್ತಿಗೆ, ನಾಳೀಕೆ ಏನ್ ಸಾರು?"

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಉಳ್ಳಿಕಾಳ್ ಬಸ್ಸಾರು ಕಣಪ್ಪ," ಅಂದಳು. "ಬೇಗ್ ಬಾ, ಮುದ್ದೆ ಆರೋಯ್ತದೆ."

ಇಷ್ಟೇ. ಯಾರೂ ಕ್ಷಮೆ ಕೇಳಲಿಲ್ಲ, ಹಳೆಯದನ್ನು ಯಾರೂ ಎತ್ತಲಿಲ್ಲ. ಎಲೆ ಮುಂದೆ ಕೂರಬಾರದೆಂಬ ಆಣೆ ಮುರಿಯಲೂ ಇಲ್ಲ. ಮುಂದೆಯೂ ಅವರು ಬಂದಾಗ ಅವ್ವ ತಟ್ಟೆಯಲ್ಲೇ ಬಡಿಸಿದಳು, ಹಬ್ಬದ ದಿನವೂ. ಇದು ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ನೀವು ಕೇಳಬಹುದು. ಮುನಿದವನಿಗೆ ಹಸಿವಾಗುವ ತನಕ ಯಾವ ಉಪಾಯವೂ ಹೊಳೆಯುವುದಿಲ್ಲವೇನೋ.

ಅಷ್ಟರಲ್ಲಿ ಡಬರಿ ಖಾಲಿಯಾಯಿತು. ಎಲ್ಲರೂ ಎರಡೆರಡು ಹೊಡೆದಿದ್ದರು, ಹಂಚುವ ಸಂಭ್ರಮದಲ್ಲಿ ನನ್ನದೇ ನನಗೆ ನೆನಪಿರಲಿಲ್ಲ. ಕೊನೆಯ ಬನ್ನು ಚಿಕ್ಕಪ್ಪನ ಕೈಯಲ್ಲಿತ್ತು. ನಾನು ಡಬರಿಗೆ ಕೈಹಾಕಿ, ಸಿಕ್ಕ ಒಂದು ಮೂಳೆ ಚೀಪುತ್ತ ಅವರ ಪಕ್ಕ ಬಂದು ಕೂತೆ. ಅದೂ ರಸವಿಲ್ಲದ ಒಣ ಮೂಳೆ. ಚಿಕ್ಕಪ್ಪ ನನ್ನ ಕೈ ನೋಡಿದರು. ಮೊದಲು ಭುಜ ಕುಲುಕಿತು, ಆಮೇಲೆ ಕೆಮ್ಮು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ತಮ್ಮ ಬನ್ನನ್ನು ಮುರಿದು ಒಂದರ್ಧ ನನ್ನ ಕಡೆ ಚಾಚಿದರು.

"ತಕ್ಕೊಳ್ಲಾ. ಆ ಸಂಕ್ಟ ನಂಗ್ ಗೊತ್ತದೆ."

ತೆಗೆದುಕೊಂಡೆ. ನೋಡಬಾರದು ಎಂದುಕೊಂಡೆ, ಆದರೂ ಕತ್ತು ತಿರುಗಿತು. ದೊಡ್ಡ ಅರ್ಧ ನನ್ನ ಕೈಯಲ್ಲಿತ್ತು.