ನಿಂತು ಕೇಳು

ಔರಾದ ತಾಲ್ಲೂಕಿನ ಒಂದು ಸರಕಾರಿ ಶಾಲೆಯಲ್ಲಿ ನನ್ನ ಜೋಡಿ ಕೆಲಸ ಮಾಡುವ ಒಬ್ಬ ಟೀಚರ್ ಇದ್ದರು. ಮೂರನೇ ಕ್ಲಾಸಿಗೆ ಕಲಿಸುತ್ತಿದ್ದರು. ಬೀದರದಿಂದ ಬಸ್ಸಿನಲ್ಲಿ ನಿಂತೇ ಬರುತ್ತಿದ್ದರು, ಬಂದವರೇ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ಯಾವ ಮಗು ಮೂಲೆಯಲ್ಲಿ ಗೊಣಗಿದರೂ ಅವರದು ಒಂದೇ ಮಾತು: “ಕುಂತು ಗೊಣಗಬ್ಯಾಡ. ನಿಂತು ಕೇಳು.”

ನಮ್ಮಲ್ಲಿ ಬಿಸಿಯೂಟ ಮೊದಲು ಹುಡುಗರ ಪಂಗತಿಗೆ, ಆಮೇಲೆ ಹುಡುಗಿಯರ ಪಂಗತಿಗೆ. ತಳ ಹತ್ತಿದ ಅನ್ನ ದಿನಾಲೂ ಹುಡುಗಿಯರ ಪಾಲಿಗೇ. ಯಾರು ಗೊತ್ತು ಮಾಡಿದ್ದರೋ, ಹಾಗೇ ನಡೆದು ಬಂದಿತ್ತು.

ಒಂದು ದಿನ ಆ ಟೀಚರ್ ಕ್ಲಾಸಿನ ಸಣ್ಣ ಹುಡುಗಿಯೊಬ್ಬಳು ತಾಟು ಹಿಡಿದು ಎದ್ದು ನಿಂತಳು. “ಹತ್ತಿದ ಅನ್ನ ದಿನಾ ನಮಗೇ ಯಾಕ್ರಿ?”

ಹೆಡ್‌ಮಾಸ್ತರರ ಮುಖ ಬಿಗಿಯಾಯಿತು. “ಟೀಚರ್, ಆ ಪೋರಿಗಿ ಕೂಡಸ್ರಿ.”

“ನಿಂದ್ರೋದು ನಾನೇ ಕಲಸೀನ್ರಿ ಸರ್. ಕೂಡಸೋದು ನನಗ ಬರಂಗಿಲ್ರಿ,” ಎಂದರು ಟೀಚರ್. ಅಷ್ಟರಲ್ಲಿ ಹುಡುಗಿಯರ ಪಂಗತಿ ಪೂರಾ ಎದ್ದು ನಿಂತಿತ್ತು. ಅನ್ನ ಆರಿ ತಣ್ಣಗಾಯಿತು, ಒಬ್ಬಳೂ ಕೂಡಲಿಲ್ಲ.

ಮರುದಿನ ಹೆಡ್‌ಮಾಸ್ತರರು ಸಿಟ್ಟಿನಲ್ಲೇ ಹುಡುಗಿಯರಿಗೆ ಮೊದಲು ನೀಡಿಸಿದರು. ಬೆಳ್ಳನೆಯ ಅನ್ನ ತಾಟಿಗೆ ಬಿದ್ದರೂ ಆ ಹುಡುಗಿ ತುತ್ತು ಎತ್ತಲಿಲ್ಲ. ಎದುರಿಗೆ ಹುಡುಗರ ತಾಟಿಗೆ ಏನು ಬೀಳುತ್ತದೆಂದು ನೋಡುತ್ತ ಕೂತಿದ್ದಳು. ನೋಡಿ, ಮತ್ತೆ ಎದ್ದು ನಿಂತಳು.

“ಇವತ್ತು ಅವರಿಗಿ ಯಾಕ್ರಿ? ಹತ್ತಿದ ಅನ್ನ ಯಾರಿಗೂ ನೀಡಬ್ಯಾಡ್ರಿ.”

ಹೆಡ್‌ಮಾಸ್ತರರು ಟೀಚರ್ ಕಡೆ ತಿರುಗಿದರು. ಟೀಚರ್ ಸೆರಗನ್ನು ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿಕೊಂಡರು.

“ಈಗ ಪೂರಾ ಕಲ್ತಾಳ್ರಿ ಸರ್. ಇನ್ನ ನೀವೇ ಕೂಡಸಿ ನೋಡ್ರಿ.”