ರಾಣಿಯ ಕೆನ್ನೆಯ ಮೇಲಿನ ಎಳೆ

ಒಂದೇ ಡ್ರಾಯಿಂಗನ್ನು ಮೂರು ವರ್ಕ್‌ಶಾಪಿಗೆ ಕೊಟ್ಟರೆ ಮೂರು ಥರದ ಪಾರ್ಟ್ ಬರುತ್ತದೆ. ಪೀಣ್ಯದ ಕಾರ್ಖಾನೆಯಲ್ಲಿ ತಪಾಸಣೆ ಮಾಡುವ ನನಗೆ ಇದು ದಿನವೂ ಕಾಣುವ ಸಂಗತಿ. ಸಾವಿರದ ಎಂಟುನೂರು ವರ್ಷಗಳ ಹಿಂದೆ ರೋಮ್ ಸಾಮ್ರಾಜ್ಯದ ದೂರದ ಪ್ರಾಂತ್ಯಗಳಲ್ಲೂ ಹೀಗೇ ಆಗುತ್ತಿತ್ತು. ಅಲ್ಲಿ ಎಷ್ಟೋ ಪಟ್ಟಣಗಳು ತಮ್ಮದೇ ಕಂಚಿನ ನಾಣ್ಯ ಹೊಡೆಯುತ್ತಿದ್ದವು. ಅಚ್ಚು ಕೊರೆಯುವವನು ರಾಜನನ್ನು ಬಹುಶಃ ಕಣ್ಣಾರೆ ಕಂಡೇ ಇರುತ್ತಿರಲಿಲ್ಲ. ಹಾಗಾಗಿ ಒಬ್ಬನೇ ರಾಜ ಒಂದೂರಿನಲ್ಲಿ ಮೇಷ್ಟ್ರ ಹಾಗೆ, ಇನ್ನೊಂದೂರಿನಲ್ಲಿ ಪೈಲ್ವಾನನ ಹಾಗೆ ಕಾಣುತ್ತಾನೆ. ನಗರದ ಒಂದು ನಾಣ್ಯ ಪ್ರದರ್ಶನದಲ್ಲಿ ಅಂಥ ಎರಡು ಮುಖಗಳನ್ನು ಅಕ್ಕಪಕ್ಕ ನೋಡಿದ ದಿನವೇ ನನಗೆ ಈ ಹುಚ್ಚು ಹತ್ತಿತು. ಬೇರೆಯವರು ಬೇಡವೆಂದು ಬಿಟ್ಟ ಸವೆದ ನಾಣ್ಯಗಳನ್ನು ಒಂದೊಂದಾಗಿ ಕೊಂಡೆ. ಅಕ್ಷರ ಅಳಿಸಿದ್ದರೂ ಪರವಾಗಿಲ್ಲ, ಮುಖ ಉಳಿದಿರಬೇಕು.

ನಲವತ್ತೆರಡನೇ ವಯಸ್ಸಿನಲ್ಲಿ ನನ್ನ ಎದೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್, ಕೀಮೋ ಎಲ್ಲ ಮುಗಿಯುವಷ್ಟರಲ್ಲಿ ತಲೆ ಬೋಳಾಗಿತ್ತು. ಎಲ್ಲ ಸರಿಯಿದೆ ಎಂದು ಡಾಕ್ಟರು ಹೇಳಿದ ಮೇಲೆ ವಿಗ್ ಹಾಕಿಕೊಂಡು ಕೆಲಸಕ್ಕೆ ಹೋದೆ. ಯಾರೂ ಏನೂ ಅನ್ನಲಿಲ್ಲ. ಆದರೆ ನನ್ನ ಹಣೆಯ ಮೇಲೆ ಕಣ್ಣು ಹೋಗದಂತೆ ನೋಡಿಕೊಳ್ಳಲು ಎಲ್ಲರೂ ಕಷ್ಟಪಡುತ್ತಿದ್ದರು. ನಾನೂ ಕನ್ನಡಿ ನೋಡುವುದನ್ನು ಬಿಟ್ಟಿದ್ದೆ.

ರಾಜಗೋಪಾಲನಗರದ ನಮ್ಮ ಬಾಡಿಗೆ ಮನೆಯ ಓನರ್ ಅಕ್ಕ ಆ ಊರಿನದೇ ಹಳೆಯ ಒಕ್ಕಲು ಮನೆತನದವರು. ಹೊಲವಿದ್ದ ಜಾಗದಲ್ಲಿ ಮೂರಂತಸ್ತು ಕಟ್ಟಿಸಿ, ಕೆಳಗೆ ತಾವೇ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದರು. ನಾನು ಕೆಲಸಕ್ಕೆ ಮರಳಿ ಏಳೆಂಟು ತಿಂಗಳಾದ ಮೇಲೆ ಒಂದು ಭಾನುವಾರ ನೀರಿನ ಮೋಟರ್ ರಿಪೇರಿಯ ವಿಷಯ ಹೇಳಲು ಮೇಲೆ ಬಂದವರು ಮೇಜಿನ ಮೇಲೆ ಹರಡಿದ್ದ ನಾಣ್ಯಗಳನ್ನು ನೋಡಿ ಅಲ್ಲೇ ನಿಂತರು. ನಾನು ಒಂದು ರಾಣಿಯ ನಾಣ್ಯವನ್ನೂ ಭೂತಗನ್ನಡಿಯನ್ನೂ ಅವರ ಕೈಗೆ ಕೊಟ್ಟೆ. ಅಕ್ಕ ಬಹಳ ಹೊತ್ತು ನೋಡಿದರು.

"ಈಯಮ್ಮ ವಿಗ್ ಹಾಕವ್ಳೆ," ಎಂದರು.

ನನಗೆ ಚುಚ್ಚಿದಂತಾಯಿತು. "ಇಲ್ಲ ಅಕ್ಕ, ಆಗಿನ ಕಾಲದಲ್ಲಿ ಹಾಗೆ ಬಾಚ್ಕೋತಿದ್ರು ಅನ್ಸುತ್ತೆ."

"ಇಪ್ಪತ್ತು ವರ್ಷದಿಂದ ತಲೆಗಳನ್ನೇ ನೋಡ್ತಾ ಇವ್ನಿ ಕಣಮ್ಮ. ಸ್ವಂತ ಕೂದ್ಲು ಇಂಗೆ ಟೋಪಿ ಕೂತಂಗೆ ಕೂರಕಿಲ್ಲ. ಇಲ್ಲಿ ನೋಡು, ಕೆನ್ನೆ ತಾವ."

ರಾಣಿಯ ಕೆನ್ನೆಯ ಮೇಲೆ ಬಾಗಿದ ಒಂದು ಸಣ್ಣ ಗೆರೆಯಿತ್ತು. ಎರಡು ವರ್ಷದಿಂದ ಅದನ್ನು ನೋಡುತ್ತಲೇ ಇದ್ದೆ. "ಅದು ಅಚ್ಚಿನ ದೋಷ, ಅಕ್ಕ."

"ದೋಷ ಅಲ್ಲ, ಅವಳ್ದೇ ಕೂದ್ಲು. ವಿಗ್ ಕೆಳಗಿಂದ ಈಚೆಗೆ ಬಂದೈತೆ. ಮದ್ವೆ ಹೆಣ್ಗೆ ಚೌರಿ ಕಟ್ಟುವಾಗ ನಂಗೂ ಇಂಗೇ ಆಯ್ತದೆ. ಎಷ್ಟು ಒಳಗೆ ಸೇರ್ಸಿದ್ರೂ ಒಂದೆಳೆ ಈಚೆ ಬತ್ತದೆ."

ಒಂದೇ ಪೀಸ್ ನೋಡಿ ಒಪ್ಪಿಕೊಳ್ಳುವುದು ನನ್ನ ಕಸುಬಿನಲ್ಲಿಲ್ಲ. ಅದೇ ರಾಣಿಯ ಇನ್ನೊಂದು ನಾಣ್ಯ ನನ್ನ ಹತ್ತಿರವಿತ್ತು, ಬಹುದೂರದ ಬೇರೆ ಪಟ್ಟಣದ್ದು. ಅದನ್ನು ಹುಡುಕಿ ತಂದು ದೀಪದ ಕೆಳಗೆ ಹಿಡಿದೆ. ಮೂಗು ಬೇರೆ, ಗದ್ದ ಬೇರೆ. ಆದರೆ ಕೆನ್ನೆಯ ಮೇಲೆ, ಅದೇ ಜಾಗದಲ್ಲಿ, ಅದೇ ಗೆರೆ. ಎರಡು ಊರಿನ ಇಬ್ಬರು ಕೆಲಸಗಾರರು ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುವುದಿಲ್ಲ. ಅವರಿಗೆ ಕಳಿಸಿದ ಮಾದರಿಯಲ್ಲೇ ಅದು ಇದ್ದಿರಬೇಕು, ಇಬ್ಬರೂ ಬೇಕೆಂದೇ ಕೊರೆದಿದ್ದರು. ಬೇಡವೆಂದು ರಾಣಿ ಒಂದು ಮಾತು ಹೇಳಿದ್ದರೆ ಆ ಎಳೆ ನಾಣ್ಯಕ್ಕೆ ಬರುತ್ತಲೇ ಇರಲಿಲ್ಲವೇನೋ. ಅವಳು ಅದನ್ನು ಮುಚ್ಚಿಡಲು ಹೋಗಿರಲಿಲ್ಲ.

ಅಕ್ಕ ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದರು. "ನಿಂದೂ ತೆಗಿ, ನೋಡಾನ."

ಗಂಡನನ್ನು ಬಿಟ್ಟರೆ ಬೇರೆ ಯಾರೆದುರಿಗೂ ನಾನು ವಿಗ್ ತೆಗೆದಿರಲಿಲ್ಲ. ಯಾಕೋ ಆಗ ತೆಗೆದೆ. ಅಕ್ಕ ನನ್ನ ತಲೆಯ ಮೇಲೆ ಅಂಗೈ ಆಡಿಸಿದರು.

"ಚೆನ್ನಾಗಿ ಬತ್ತಾ ಐತಲ್ಲಮ್ಮ. ಇದನ್ಯಾಕೆ ಬೆವ್ರಲ್ಲಿ ಕೊಳೆಸ್ತೀಯ?"

ಕೆಳಗೆ ಕರೆದುಕೊಂಡು ಹೋಗಿ, ಪಾರ್ಲರಿನ ಶಟರ್ ಅರ್ಧ ಇಳಿಸಿ, ಕಿವಿಯ ಸುತ್ತ, ಕತ್ತಿನ ಮೇಲೆ ಕತ್ತರಿ ಆಡಿಸಿ ಒಪ್ಪ ಮಾಡಿದರು. ಕನ್ನಡಿಯಲ್ಲಿ ನೋಡಿ ನನಗೆ ನಂಬಲಾಗಲಿಲ್ಲ. ಹುಟ್ಟಿದಾಗಿನಿಂದ ನೆಟ್ಟಗಿದ್ದ ನನ್ನ ಕೂದಲು ಈಗ ಗುಂಗುರು ಗುಂಗುರಾಗಿ ಬೆಳೆದಿತ್ತು. ಕೀಮೋ ಆದ ಮೇಲೆ ಕೆಲವರಿಗೆ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದ್ದು ನೆನಪಾಯಿತು.

ಸೋಮವಾರ ಹಾಗೇ ಕೆಲಸಕ್ಕೆ ಹೋದೆ. ಸೂಪರ್‌ವೈಸರ್ ಒಂದು ಕ್ಷಣ ನಿಂತು ನೋಡಿ, ವಾಪಸ್ ಬಂದಿದ್ದ ಮಾಲಿನ ಬಗ್ಗೆ ಮಾತಾಡಿದರು. ಟೀ ಹೊತ್ತಿನಲ್ಲಿ, ನಾನು ರಜೆಯಲ್ಲಿದ್ದಾಗ ಕೆಲಸಕ್ಕೆ ಸೇರಿದ್ದ ಪಕ್ಕದ ವಿಭಾಗದ ಹುಡುಗಿ ಹತ್ತಿರ ಬಂದಳು. "ಮೇಡಂ, ಕರ್ಲ್ಸ್ ಸಕ್ಕತ್ತಾಗಿದೆ. ಎಲ್ಲಿ ಮಾಡ್ಸಿದ್ರಿ?"

ಅವಳಿಗೆ ನನ್ನ ಕಾಯಿಲೆಯ ವಿಷಯ ಗೊತ್ತಿರಲಿಲ್ಲ. ನಾನು ನಗುತ್ತಾ ಅಕ್ಕನ ಪಾರ್ಲರಿನ ದಾರಿ ಹೇಳಿದೆ. ಮುಂದಿನ ಭಾನುವಾರ ಅವಳು ನಿಜವಾಗಿಯೂ ಬಂದಳು. ಕೂದಲು ಸುರುಳಿ ಮಾಡಿಸಿಕೊಂಡ ಮೇಲೆ ಅಕ್ಕ ಅವಳನ್ನು ಮಹಡಿಗೆ ಕರೆತಂದು, "ಇವ್ಳಿಗೂ ಆ ನಾಣ್ಯ ಸ್ವಲ್ಪ ತೋರ್ಸಮ್ಮ," ಎಂದರು. ಹುಡುಗಿ ಎಲ್ಲ ಮುಖಗಳನ್ನೂ ನೋಡಿ ಗುಂಡು ಕೆನ್ನೆಯ, ಗಡ್ಡದ ರಾಜನೊಬ್ಬನನ್ನು ಎತ್ತಿಕೊಂಡಳು. ತಾನು ಮದುವೆಯಾಗುವ ಹುಡುಗ ಥೇಟ್ ಹೀಗೇ ಇದ್ದಾನೆ ಎಂದಳು.