ಜಿನ್ಸೆಂಗ್ ಬೈಟೂ

ನಮ್ಮ ಮಾವ ಮುಖ ಊದಿಸಿಕೊಂಡು ಕೂತಿದ್ದರು. ಕಾರಣ ನಾನಲ್ಲ. (ಈ ಒಂದು ಸಲವಾದರೂ ನಾನಲ್ಲ, ಗಮನಿಸಿ.) ಎದೆಯುರಿ, ಗ್ಯಾಸ್ಟ್ರಿಕ್ ಅಂತ ಹೋದವರಿಗೆ ಡಾಕ್ಟರು ಟೀ ಬಿಡಿ ಅಂದಿದ್ದರು.

ಟೀ ಬಿಡೋದು ಅಷ್ಟು ಕಷ್ಟವಾ? ಮದ್ದೂರಿನಲ್ಲಿ ಕಷ್ಟ. ಮಳವಳ್ಳಿ ಬಸ್ಸು ನಿಲ್ಲೋ ಕಡೆ ಒಂದು ಟೀ ಅಂಗಡಿಯಿದೆ. ದಿನಾ ಬೆಳಿಗ್ಗೆ ಮಾವ ಮತ್ತು ಅವರ ಗೆಳೆಯ ಬೋರಣ್ಣ ಅಲ್ಲಿ ಬೈಟೂ ಕುಡೀತಿದ್ದರು. ಒಂದು ಟೀ, ಎರಡು ಲೋಟ. ನಾನು ಈ ಮನೆಗೆ ಸೊಸೆಯಾಗಿ ಬರೋಕೆ ಮುಂಚಿನಿಂದಲೂ ಹಾಗೇ. ಇಬ್ಬರಿಗೂ ಗದ್ದೆಯಿದೆ, ಪೆನ್ಷನ್ ಇದೆ. ಆದರೂ ಒಬ್ಬೊಬ್ಬರೇ ಪೂರ್ತಿ ಲೋಟ ಹಿಡಿದು ಕೂತರೆ ಅದೇನೋ ಜಗಳ ಆಡಿದ ಹಾಗೆ.

ಮಾವ ಟೀ ಬಿಟ್ಟರು. ಬೋರಣ್ಣ ಪಾಪ ಏನು ಮಾಡಬೇಕು? ಬೆಂಚಿನ ಮೇಲಿದ್ದ ಲಿಂಗಣ್ಣನ ಜೊತೆ ಬೈಟೂ ಶುರು ಮಾಡಿದರು.

"ಟೀ ಓದ್ರೆ ಓಗ್ಲಿ ಕಣವ್ವ. ನನ್ ಪಾಲ್ನ ಆ ಲಿಂಗನಿಗೆ ಕೊಟ್ಬುಟ್ಟವ್ನಲ್ಲ" ಅಂದರು ಮಾವ. ಮೊದಲು ನಗು ಬಂತು. ಕಣ್ಣು ಒದ್ದೆಯಾಗಿದ್ದು ನೋಡಿ ಸಂಕಟವಾಯಿತು.

ಅದಕ್ಕೇ ಚೀನಾ, ಕೊರಿಯಾ ಕಡೆಯವರು ಟೀ ಥರ ಕುದಿಸಿ ಕುಡಿಯೋ ಜಿನ್ಸೆಂಗ್ ಬೇರು ಆನ್‌ಲೈನಲ್ಲಿ ತರಿಸಿದೆ. ಹಾಲಿಲ್ಲ, ಟೀಪುಡಿಯಿಲ್ಲ. ಡಾಕ್ಟರನ್ನೂ ಕೇಳಿದೆ, ತೆಳ್ಳಗೆ ಮಾಡಿ ಸ್ವಲ್ಪ ಕೊಡಿ ಅಂದರು. ಬೇರು ನೋಡಿ ನಮ್ಮತ್ತೆ, "ಇದೇನವ್ವ, ಕೈಕಾಲು ಬಂದಂಗದೆ?" ಅಂದರು. ಕುಟ್ಟಾಣಿಯಲ್ಲಿ ಹಾಕಿ ಕುಟ್ಟಿದೆ, ಜಗ್ಗಲಿಲ್ಲ. ಕೊನೆಗೆ ನೆನೆಸಿ, ಹೆಚ್ಚಿ, ಸಣ್ಣ ಉರಿಯಲ್ಲಿ ಕುದಿಸಿದೆ. ಮನೆಯೆಲ್ಲ ಮಣ್ಣಿನ ವಾಸನೆ.

ಮಾವ ಒಂದು ಗುಟುಕು ಕುಡಿದು ಗೋಡೆ ನೋಡಿದರು. "ಬೇವಿನ್ ಕಡ್ಡಿ ತೊಳ್ದ ನೀರಾ?"

ಮಂಡ್ಯ ಜಿಲ್ಲೆಯ ನಾಲಿಗೆಗೆ ಬೆಲ್ಲವಿಲ್ಲದೆ ಏನು ರುಚಿ? ಎರಡನೇ ಸಲ ಚೂರು ಶುಂಠಿ, ಚೂರು ಬೆಲ್ಲ ಹಾಕಿದೆ. ಲೋಟ ಖಾಲಿಯಾಯಿತು.

ಮಾರನೇ ದಿನ ಬೋರಣ್ಣನ ಜೊತೆ ಬೈಟೂ ಮಾಡಲಿ ಅಂತ ಫ್ಲಾಸ್ಕಿಗೆ ತುಂಬಿ ಅಂಗಡಿಗೆ ಕಳಿಸಿದರೆ ತುಂಬಿದ ಹಾಗೇ ವಾಪಸ್ ತಂದರು.

"ಬೋರಣ್ಣ ಬೇಡ ಅಂದ್ರಾ?"

"ಅವ್ನು ಆಗ್ಲೇ ಲಿಂಗನ್ ಜತೆ ಕುಡೀತಿದ್ದ. ನಾನ್ಯಾಕೆ ಕೇಳ್ಲಿ?"

"ನೀವಾದ್ರೂ ಕುಡೀಬಹುದಿತ್ತಲ್ಲ?"

"ಒಬ್ನೇಯಾ?"

ಈ ಗಂಡಸರ ಬಿಗುಮಾನಕ್ಕೆ ಯಾವ ಬೇರು ಕುದಿಸೋಣ, ಹೇಳಿ?

ಮರುದಿನ ತರಕಾರಿ ನೆಪ ಹೇಳಿ ನಾನೂ ಜೊತೆಗೆ ಹೊರಟೆ. ಬೇಗನೇ ಹೊರಡಿಸಿದ್ದೆ, ಲಿಂಗಣ್ಣ ಇನ್ನೂ ಬಂದಿರಲಿಲ್ಲ. ಮಾವ ಅಂಗಡಿಯವರಿಂದ ಎರಡು ಲೋಟ ಇಸ್ಕೊಂಡು ಫ್ಲಾಸ್ಕಿನಿಂದ ಅರ್ಧರ್ಧ ಸುರಿದರು. ಒಂದನ್ನು ಬೋರಣ್ಣನ ಮುಂದೆ ಸರಿಸಿದರು. ಬೋರಣ್ಣ ಮೂಸಿ ನೋಡಿದರು, ಗುಟುಕರಿಸಿದರು. ಪಕ್ಕದ ಗಾಡಿಯಲ್ಲಿ ಬದನೆಕಾಯಿ ಆರಿಸುತ್ತಾ ನಾನು ಓರೆಗಣ್ಣಲ್ಲಿ ನೋಡುತ್ತಿದ್ದೆ.

"ಥೂ, ಚೆನ್ನಾಗಿಲ್ಲ ಕಣ್ಲಾ" ಅಂದರು ಬೋರಣ್ಣ. ಲೋಟ ಮಾತ್ರ ಕೆಳಗಿಡಲಿಲ್ಲ.

ಅಷ್ಟರಲ್ಲಿ ಲಿಂಗಣ್ಣ ಬಂದು, "ಬೈಟೂ ಕುಡಿಯಾನಾ ಬೋರಣ್ಣ?" ಅಂದರು.

"ನಂದಾಯ್ತು ಬುಡು" ಅಂದ ಬೋರಣ್ಣ, ಮಾವನ ಕಡೆ ತಿರುಗಿದರು. "ನಾಳಿಕ್ಕೆ ಬೆಲ್ಲ ಒಸಿ ಜಾಸ್ತಿ ಆಕುಸ್ಕಂಡ್ ಬಾ."

ಮನೆಗೆ ಬರುವಾಗ ಮಾವ ನನ್ನ ತರಕಾರಿ ಚೀಲವನ್ನೂ ತಾವೇ ಹೊತ್ತರು. (ಲಿಂಗಣ್ಣನಿಗೂ ಒಂದು ಲೋಟ ಕಳಿಸ್ತೀನಿ ಅಂದೆ. ಮಾವ ಇನ್ನೂ ಒಪ್ಪಿಲ್ಲ.)

ಜಿನ್ಸೆಂಗ್ ಡಬ್ಬದ ಮೇಲೆ ಮೈಗೆ ಶಕ್ತಿ ಬರುತ್ತೆ ಅಂತ ಬರೆದಿದೆ. ಇರಬಹುದು, ನನಗೆ ಗೊತ್ತಿಲ್ಲ. ಅದಿರಲಿ, ನೀವು ಕುಡಿಯೋ ಟೀಯಲ್ಲಿ ಅರ್ಧ ಯಾರದು?